ಮಡಿಲಲ್ಲಿ ಬಂದ ಕೆಂಡ

ನಿಮ್ಮ ಊರು ಯಾವುದು ಎಂದು ಯಾರಾದರೂ ಕೇಳಿದರೆ ನಾನು ಇವತ್ತಿಗೂ ಸ್ವಲ್ಪ ತಡವರಿಸುತ್ತೇನೆ. ಹುಟ್ಟಿದ್ದು ಕುರುಗೋಡಿನಲ್ಲಿ. ಹಾಲುಹಲ್ಲು ಬಿದ್ದದ್ದು ಸಿರುಗುಪ್ಪದಲ್ಲಿ. ಮೀಸೆ ಮೂಡಿದ್ದು ಬಳ್ಳಾರಿಯ ಸತ್ಯನಾರಾಯಣಪೇಟೆಯಲ್ಲಿ. ನಮ್ಮಪ್ಪ ಎತ್ತಿನ ಬಂಡಿ ಹೊಡೆಯುತ್ತಿದ್ದ. ಬಾಡಿಗೆ ಎಲ್ಲಿ ಹೆಚ್ಚು ಸಿಗುತ್ತದೋ ಅಲ್ಲಿಗೆ ಬಂಡಿ, ಬಂಡಿ ಹೋದಲ್ಲಿಗೆ ಮನೆ. ಹೀಗೆ ಮೂರು ಊರು, ಮೂರು ಮನೆ ಎಂದು ನಾನು ಬೆರಳು ಮಡಿಚಿ ಎಣಿಸಿದರೆ ಅಪ್ಪನ ತಾಯಿ, ನಮ್ಮಜ್ಜಿ, ಒಪ್ಪುತ್ತಿರಲಿಲ್ಲ.

“ಮೂರು ಮನಿ ಎಲ್ಲೈತಲೇ? ಗ್ವಾಡಿ ಬ್ಯಾರೆ ಬ್ಯಾರೆ ಇರಬೌದು. ಒಲ್ಯಾಗಿನ ಬೆಂಕಿ ಒಂದ ಅಂದಮ್ಯಾಲ ಮನಿನೂ ಒಂದ.”

ಆ ಬೆಂಕಿಯ ಕಥೆ ಹೇಳಬೇಕಾದರೆ ಕುರುಗೋಡಿನಿಂದಲೇ ಶುರು ಮಾಡಬೇಕು. ಅಲ್ಲಿನ ಮನೆ ಗುಡ್ಡದ ಬಗಲಿಗಿತ್ತು. ಮಣ್ಣಿನ ಮಾಳಿಗೆ, ಗಿಡ್ಡ ಬಾಗಿಲು. ತಲೆ ಬಗ್ಗಿಸಿ ಒಳಗೆ ಬಂದರೆ ಮೊದಲು ಎತ್ತುಗಳು, ಅವುಗಳನ್ನು ದಾಟಿ ಒಂದು ಮೆಟ್ಟಿಲು ಹತ್ತಿದರೆ ಮನುಷ್ಯರು. ಎಲ್ಲಕ್ಕಿಂತ ಒಳಗೆ ಅಡಿಗೆಮನೆ. ಅದಕ್ಕೆ ಕಿಟಕಿ ಇರಲಿಲ್ಲ. ಮಾಳಿಗೆಯಲ್ಲೊಂದು ಬೆಳಕಿಂಡಿ ಇತ್ತು. ಅಲ್ಲಿಂದ ದುಂಡಗೆ ಬಿದ್ದ ಬಿಸಿಲು ಬೆಳಗಿನಿಂದ ಸಂಜೆಯವರೆಗೆ ನೆಲದ ಮೇಲೆ ತೆವಳುತ್ತಿತ್ತು. ಬಿಸಿಲು ಬೀಸುವ ಕಲ್ಲು ಮುಟ್ಟಿದರೆ ಅಜ್ಜಿ ರೊಟ್ಟಿ ಹಿಟ್ಟು ಕಲಸುತ್ತಿದ್ದಳು. ಅದು ನೀರಿನ ಹಂಡೆ ದಾಟಿದರೆ ಅಪ್ಪ ಬರುವ ಹೊತ್ತು. ಮೂಲೆಯಲ್ಲಿ ಒಲೆ. ಸಂಜೆ ಎಲ್ಲರೂ ಉಂಡ ಮೇಲೆ ಅಜ್ಜಿ ಉಳಿದ ಕೆಂಡಗಳನ್ನು ಒಂದು ಕಡೆ ಸೇರಿಸಿ, ಅವುಗಳ ಬಗಲಿಗೆ ಒಂದು ಕುಳ್ಳಿನ, ಅಂದರೆ ಬೆರಣಿಯ, ತುಂಡಿಟ್ಟು, ಮೇಲೆ ಮೆತ್ತಗೆ ಬೂದಿ ಎಳೆಯುತ್ತಿದ್ದಳು. ಅದಕ್ಕೆ ‘ಬೆಂಕಿ ಮಲಗಿಸೋದು’ ಅನ್ನುತ್ತಿದ್ದಳು. ಆಮೇಲೆ ನಾನೂ ನನ್ನ ಅಕ್ಕ ನೀಲಿಯೂ ಅಡಿಗೆಮನೆಯಲ್ಲಿ ಗಲಾಟೆ ಮಾಡುವಂತಿರಲಿಲ್ಲ. ಬೆಳಗ್ಗೆ ಬೂದಿ ಸರಿಸಿ, ಒಂದು ಹಿಡಿ ಒಣ ಹತ್ತಿಕಡ್ಡಿ ಇಟ್ಟು, ಊದುಗೊಳವೆಯಿಂದ ಊದಿ, “ಎದ್ದೇನು?” ಎಂದು ಬೆಂಕಿಯನ್ನೇ ಕೇಳುತ್ತಿದ್ದಳು. ಅದು ಚಟಪಟ ಎಂದರೆ ಎದ್ದಂತೆ.

ಆ ಬೆಂಕಿ ಅಜ್ಜಿಗೆ ಅವಳ ಅತ್ತೆ ಕೊಟ್ಟದ್ದು, ಆ ಅತ್ತೆಗೆ ಅವರ ಅತ್ತೆ ಕೊಟ್ಟದ್ದು, ಎಂದೂ ಆರಿಲ್ಲ ಎಂಬುದು ಮನೆಯ ನಂಬಿಕೆ. ಯುದ್ಧ ಮುಗಿದರೂ ಅಭಾವ ಮುಗಿಯದ ಕಾಲ ಅದು. ಸೀಮೆಎಣ್ಣೆ, ಬೆಂಕಿಕಡ್ಡಿ ಎರಡಕ್ಕೂ ಪರದಾಟ. ಓಣಿಯ ಹೆಂಗಸರು ಬೆಳಗಾದರೆ ತೆಂಗಿನ ಚಿಪ್ಪು ಹಿಡಿದು ನಮ್ಮ ಬಾಗಿಲಿಗೆ ಕೆಂಡಕ್ಕೆ ಬರುತ್ತಿದ್ದರು. ಅಜ್ಜಿ ಒಬ್ಬೊಬ್ಬರಿಗೂ ಚಿಮಟದಿಂದ ಕೆಂಡ ಎತ್ತಿಕೊಡುವ ಗತ್ತು ನೋಡಬೇಕಿತ್ತು. ಅಪ್ಪ ಬೀಡಿ ಹಚ್ಚಲು ಒಲೆಯ ಹತ್ತಿರ ಬಗ್ಗಿದರೆ ಮಾತ್ರ ಊದುಗೊಳವೆ ಅವನ ಬೆನ್ನಿಗೆ ಬೀಳುತ್ತಿತ್ತು.

“ನಿಮ್ಮಜ್ಜಿಯ ಅತ್ತಿ ಕೊಟ್ಟ ಬೆಂಕೀಲೆ ಬೀಡಿ ಸೇದ್ತೀಯೇನಲೇ ಮೂಳ!”

“ಆಕಿಗೇನು ಗೊತ್ತಾಗ್ತೈತಿ ಬಿಡಬೇ,” ಎನ್ನುತ್ತ ಅಪ್ಪ ನಗುತ್ತ ಓಡುತ್ತಿದ್ದ.

ಅಪ್ಪನ ಬಾಯಲ್ಲಿ ಯಾವಾಗಲೂ ಒಂದೇ ಮಾತು: “ನೋಡೋಣಂತ.” ನಾಳೆ ಬಾಡಿಗೆ ಇದೆಯೋ ಇಲ್ಲವೋ, ನೋಡೋಣಂತ. ಹಬ್ಬಕ್ಕೆ ಊರಲ್ಲಿರುತ್ತೀರೋ ಇಲ್ಲವೋ, ನೋಡೋಣಂತ. ಅವ್ವನಿಗೆ ಈ ಮಾತು ಕೇಳಿದರೆ ಮೈಯೆಲ್ಲ ಉರಿಯುತ್ತಿತ್ತು. ಅವಳ ಹೆಸರು ಗೌರಮ್ಮ. ಅಜ್ಜಿಯ ಬಾಯಲ್ಲಿ ಗೌರಿ. ಅವಳಿಗೆ ಎಲ್ಲ ಮೊದಲೇ ಗೊತ್ತಿರಬೇಕು. ಜೋಳ ತುಂಬಿಡುವ ವಾಡೆ ಎಷ್ಟು ಖಾಲಿಯಾಗಿದೆ, ಯಾರು ಊಟಕ್ಕೆ ಬರುತ್ತಾರೆ, ಅಟ್ಟದ ಮೇಲಿನ ಕೌದಿ ಯಾವಾಗ ಇಳಿಸಬೇಕು. ಬಿಸಿಲಿಗೆ ಹಾಕಿದ ಸಂಡಿಗೆಯನ್ನು ಮೋಡ ಕಂಡ ಕೂಡಲೇ ಎತ್ತಿ ಒಳಗಿಡುವವಳು, ಮೋಡ ಹೋದಮೇಲೆ ಮತ್ತೆ ಹೊರಗೆ ಹಾಕುವವಳು. ಒಂದೊಂದು ದಿನ ಸಂಡಿಗೆ ಒಣಗುವುದಕ್ಕಿಂತ ಹೆಚ್ಚು ತಿರುಗಾಡುತ್ತಿತ್ತು.

ಒಂದು ದಿನ ಅಪ್ಪ ಬಂದು, ಸಿರುಗುಪ್ಪದಲ್ಲಿ ಭತ್ತ ಹೇರುವ ಕೆಲಸ ವರ್ಷಪೂರ್ತಿ ಸಿಗುತ್ತದೆ, ಹೋಗೋಣ ಅಂದ. ಅವ್ವ ಕೇಳಬೇಕಾದ್ದೆಲ್ಲ ಕೇಳಿದಳು. ಮನಿ ಹೆಂಗೈತಿ? ನೀರು ಎಷ್ಟು ದೂರ? ಎಷ್ಟು ವರ್ಷ ಇರ್ತೀವಿ? ಎಲ್ಲದಕ್ಕೂ ಉತ್ತರ ನಿಮಗೆ ಗೊತ್ತೇ ಇದೆ. ಹೊರಡುವ ಬೆಳಿಗ್ಗೆ ಓಣಿಯೆಲ್ಲ ಬಾಗಿಲಿಗೆ ಬಂದಿತ್ತು. ಅವ್ವ ಅತ್ತಳು, ನೀಲಿ ಅತ್ತಳು, ಇವರಿಬ್ಬರನ್ನು ನೋಡಿ ನಾನೂ ಅತ್ತೆ. ಅಪ್ಪ ಸಹ ಎತ್ತಿನ ಕೊರಳ ಹಗ್ಗ ಸರಿಮಾಡುವ ನೆಪದಲ್ಲಿ ಮುಖ ತಿರುಗಿಸಿದ. ಅಳದಿದ್ದವಳು ಅಜ್ಜಿ ಒಬ್ಬಳೇ. ಮದುವೆಯಾಗಿ ಬಂದಾಗಿನಿಂದ ಬಾಳಿದ ಮನೆಯನ್ನು ಅವಳು ತಿರುಗಿಯೂ ನೋಡಲಿಲ್ಲ. ಬಂಡಿಯ ನಡುವೆ ಕೂತು, ಮಡಿಲಲ್ಲಿ ಬಟ್ಟೆಯ ಸಿಂಬಿ ಇಟ್ಟು, ಅದರ ಮೇಲೆ ಬೂದಿ ತುಂಬಿದ ಗಡಿಗೆ ಇಟ್ಟುಕೊಂಡಿದ್ದಳು. ಗಡಿಗೆಯೊಳಗೆ ಕೆಂಡ. ಬಾಯಿಗೆ ಒಡೆದ ಮಡಕೆಯ ಒಂದು ಬೋಕಿ ಮುಚ್ಚಿ, ಬೆರಳು ಹೋಗುವಷ್ಟು ಸಂದಿ ಬಿಟ್ಟಿದ್ದಳು. ದಾರಿಯುದ್ದಕ್ಕೂ ಅದಕ್ಕೊಂದು ಕುಳ್ಳಿನ ಚೂರು ಹಾಕುವುದು, ಊದುವುದು, ಎತ್ತು ಓಡಿದರೆ ಅಪ್ಪನನ್ನು ಬೈಯುವುದು, ಇಷ್ಟೇ ಕೆಲಸ. ನಮ್ಮಜ್ಜಿಯ ಎದೆ ಕಲ್ಲು ಎಂದು ಓಣಿಯವರು ಮಾತಾಡಿಕೊಂಡರಂತೆ. ನಾನೂ ಹಾಗೇ ಅಂದುಕೊಂಡೆ.

ಸಿರುಗುಪ್ಪದ ಮನೆ ಕಾಲುವೆಯ ಹತ್ತಿರ. ಎಲ್ಲಿ ನೋಡಿದರೂ ಹಸಿರು, ಎಲ್ಲಿ ಕೂತರೂ ಸೊಳ್ಳೆ. ಉಪ್ಪಿನ ಗಡಿಗೆಯಲ್ಲಿ ಉಪ್ಪು ನೀರಾಗುತ್ತಿತ್ತು. ಜೋಳದ ರೊಟ್ಟಿ ತಿಂದು ಬೆಳೆದ ಅಜ್ಜಿ ಅನ್ನವನ್ನು ಊಟ ಎಂದೇ ಒಪ್ಪಲಿಲ್ಲ. ತಟ್ಟೆ ತುಂಬ ಉಂಡು, ಕೈ ತೊಳೆದು, “ಇನ್ನ ರೊಟ್ಟಿ ಕೊಡಬೇ ಗೌರಿ, ಉಣ್ಣೋಣು,” ಅನ್ನುತ್ತಿದ್ದಳು. ಪಕ್ಕದ ಮನೆಯ ಲಕ್ಷ್ಮಮ್ಮ ಆದೋನಿ ಕಡೆಯವಳು, ತೆಲುಗು ಮಾತಿನವಳು. ಅಜ್ಜಿಗೆ ತೆಲುಗು ಬಾರದು, ಲಕ್ಷ್ಮಮ್ಮನಿಗೆ ಕನ್ನಡ ಬಾರದು. ಇಬ್ಬರೂ ಮಧ್ಯಾಹ್ನವಿಡೀ ಕಟ್ಟೆಯ ಮೇಲೆ ಕೂತು ಹರಟೆ ಹೊಡೆಯುತ್ತಿದ್ದರು. ಬೆಳಗಾದರೆ, “ನಿಪ್ಪು ಉಂದಾ ಅವ್ವಾ?” ಎಂದು ಲಕ್ಷ್ಮಮ್ಮ ಚಿಪ್ಪು ಹಿಡಿದು ಬರುತ್ತಿದ್ದಳು. ಅಜ್ಜಿ ಅದೇ ಕುರುಗೋಡಿನ ಗತ್ತಿನಲ್ಲಿ ಕೆಂಡ ಎತ್ತಿಕೊಡುತ್ತಿದ್ದಳು. ಅವ್ವ ನಿಧಾನಕ್ಕೆ ಆ ಮನೆಗೆ ಹೊಂದಿಕೊಂಡಳು. ಹಿತ್ತಲಲ್ಲಿ ಹೀರೆಬಳ್ಳಿ ಹಬ್ಬಿಸಿದಳು. ಬಳ್ಳಿಯಲ್ಲಿ ಮೊದಲ ಕಾಯಿ ಬಿಟ್ಟ ವಾರವೇ ಅಪ್ಪ ಬಂದು, ಬಳ್ಳಾರಿಯ ಬ್ರೂಸ್‌ಪೇಟೆಯಲ್ಲಿ ಹತ್ತಿ ಹೇರುವವರು ಬೇಕಂತೆ, ಅಂದ. ಅವ್ವ ಈ ಸಲ ಒಂದೂ ಪ್ರಶ್ನೆ ಕೇಳಲಿಲ್ಲ. ಹಿತ್ತಲಿಗೆ ಹೋಗಿ ಆ ಎಳೆಕಾಯಿಯನ್ನು ಕಿತ್ತು ತಂದು ಅಪ್ಪನ ಮುಂದೆ ಇಟ್ಟು ಒಳಗೆ ಹೋದಳು.

ಹೊರಡುವ ಹೊತ್ತಿಗೆ ಇನ್ನೊಂದು ತೊಡಕು ಬಂತು. ಎಮ್ಮಿಗನೂರಿನಲ್ಲಿದ್ದ ನಮ್ಮ ಸೋದರತ್ತೆಗೆ ಹೆರಿಗೆ ಹತ್ತಿರವಾಗಿತ್ತು. ಅಜ್ಜಿ ಅಲ್ಲಿಗೆ ಹೋಗಿ ಬಾಣಂತನ ಮುಗಿಸಿಕೊಂಡು ಬಳ್ಳಾರಿಗೆ ಬರುವುದೆಂದು ಆಯಿತು. ಹಾಗಾದರೆ ಬೆಂಕಿ? ಅಜ್ಜಿ ಗಡಿಗೆಯನ್ನು ತಾನೇ ಸಿದ್ಧಮಾಡಿ, ಬಂಡಿಯಲ್ಲಿ ಕಣ್ಣು ಕೆಂಪಗೆ ಮಾಡಿಕೊಂಡು ಕೂತಿದ್ದ ಅವ್ವನ ಮಡಿಲಿಗೆ ಇಟ್ಟಳು.

“ಇದನ್ನ ನಿನ್ನ ಕೈಗೆ ಕೊಟ್ಟೀನಿ ಗೌರಿ. ಯಾರ ಕೈಗೂ ಕೊಡಬ್ಯಾಡ. ಆರಿಸಬ್ಯಾಡ.”

“ದಾರ್ಯಾಗ ಏನರ ಆದ್ರ ಅತ್ತಿ?”

“ಏನಾಗ್ತೈತಿ? ನೀನು ಅದೀ ಅಲ್ಲ.”

ಅವ್ವ ಕಣ್ಣೊರೆಸಿಕೊಂಡು ಗಡಿಗೆಯನ್ನು ಎರಡೂ ಕೈಯಿಂದ ಹಿಡಿದಳು. ಬಂಡಿ ಹೊರಟಾಗ ಲಕ್ಷ್ಮಮ್ಮ ಕೂಗಿದ್ದೂ ಅವಳಿಗೆ ಕೇಳಲಿಲ್ಲ. ಬೋಕಿಯ ಸಂದಿಯಲ್ಲಿ ಕಣ್ಣಿಟ್ಟಿದ್ದಳು. ಮೊದಲ ದಿನ ಎಲ್ಲ ಚೆನ್ನಾಗಿಯೇ ನಡೆಯಿತು. ಎತ್ತು ಮೂತ್ರಕ್ಕೆ ನಿಂತರೂ ಅವ್ವ ಗಡಿಗೆ ಅಲುಗಾಡದಂತೆ ಹಿಡಿಯುತ್ತಿದ್ದಳು. ತೆಕ್ಕಲಕೋಟೆಯ ಆಚೆ, ಎರಡನೆಯ ದಿನ, ಪಡುವಣಕ್ಕೆ ಮೋಡ ಕಪ್ಪಗಾಯಿತು. ಗಾಳಿ ಎದ್ದು ಕೌದಿಗಳು ಹಾರಾಡಿದವು. ಅವ್ವ ಬಂಡಿ ನಿಲ್ಲಿಸಿದಳು. ದಾರಿಬದಿಯ ಹೊಂಡದಿಂದ ಹಸಿ ಎರೆಮಣ್ಣು ತರಿಸಿ, ಗಡಿಗೆಯ ಬಾಯಿಗೆ ಸರಿಯಾಗಿ ಕೂಡುವ ಮುಚ್ಚಳ ಇಟ್ಟು, ಸುತ್ತಲೂ ಮಣ್ಣು ಮೆತ್ತಿ, ಬೆರಳಿಂದ ಸವರಿ, ಮೇಲೆ ಗೋಣಿಚೀಲ ಸುತ್ತಿದಳು.

“ಇನ್ನ ಎಂಥಾ ಮಳಿ ಬರಲಿ, ಒಂದು ಹನಿ ಒಳಗ ಹೋಗಂಗಿಲ್ಲ,” ಅಂದಳು.

ಎತ್ತಿನ ಬೆನ್ನಿನ ಮೇಲೆ ನಾಲ್ಕು ಹನಿ ಬಿದ್ದವು. ಅಷ್ಟೇ. ಮೋಡ ಎತ್ತಲೋ ಹೋಯಿತು. ಬಿಸಿಲು ಮೊದಲಿಗಿಂತ ಜೋರಾಯಿತು.

“ಬಳ್ಳಾರಿ ದಾರಿ ಮಳಿಗೆ ಗೊತ್ತ ಇಲ್ಲ,” ಎಂದು ಅಪ್ಪ ನಕ್ಕ.

ಮಣ್ಣು ತೆಗೆಯೋಣವೇ ಎಂದು ನೀಲಿ ಕೇಳಿದಳು. ಮತ್ತೆ ಮೋಡ ಬಂದರೆ ಎಂದು ಅವ್ವ ಬಿಡಲಿಲ್ಲ. ಸತ್ಯನಾರಾಯಣಪೇಟೆಯ ವಠಾರಕ್ಕೆ ಬಂದು ಬಂಡಿ ನಿಂತಾಗ ಎರೆಮಣ್ಣು ಒಣಗಿ ಕಲ್ಲಾಗಿತ್ತು. ಎರಡು ಕೋಣೆಯ ಮನೆ. ಗೋಡೆಯ ಆ ಕಡೆ ಇನ್ನೊಂದು ಸಂಸಾರ ಕೆಮ್ಮುವುದು ಕೇಳುತ್ತಿತ್ತು. ಒಲೆಯನ್ನು ಯಾರೋ ಹಿಂದಿನವರು ಹಾಕಿದ್ದರು. ಅವ್ವ ಸಾಮಾನು ಇಳಿಸಲೂ ಬಿಡದೆ ಮೊದಲು ಗಡಿಗೆ ತಂದು ಒಲೆಯ ಮುಂದಿಟ್ಟಳು. ಅಪ್ಪ ಕಲ್ಲಿನಿಂದ ಕುಟ್ಟಿ ಮಣ್ಣು ಒಡೆದ. ಅವ್ವ ಬೂದಿಗೆ ಕೈ ಹಾಕಿದಳು. ಕೈ ಸುಡಲಿಲ್ಲ. ತಳದವರೆಗೂ ಹೋಯಿತು. ಕರಿ ಇದ್ದಿಲು ಹಿಡಿದು ಹೊರಬಂತು. ಒಂದು ಹನಿ ನೀರೂ ತಾಕದೆ, ಉಸಿರುಕಟ್ಟಿ ಬೆಂಕಿ ಆರಿಹೋಗಿತ್ತು.

ಅವ್ವ ಅಳಲಿಲ್ಲ. ಇದ್ದಿಲು ಹಿಡಿದುಕೊಂಡು ಹಾಗೇ ಕೂತಳು. ಅಪ್ಪ ಅಂಗಿಯ ಜೇಬಿನಿಂದ ಕಡ್ಡಿಪೆಟ್ಟಿಗೆ ತೆಗೆದ.

“ಒಂದು ಕಡ್ಡಿ ಗೀರಿದ್ರ ಆತು. ನಿಮ್ಮತ್ತಿಗೆ ಯಾರು ಹೇಳ್ತಾರ?”

“ಯಾರೂ ಹೇಳಂಗಿಲ್ಲ. ಆಕಿ ಬೆಳಗ್ಗೆ ‘ಎದ್ದೇನು’ ಅಂತ ಊದಿದಾಗೆಲ್ಲ ನಾನು ಏನಂತ ನಿಂದ್ರಲಿ?”

ಅವ್ವ ಆ ಪೆಟ್ಟಿಗೆಯನ್ನು ಕಿತ್ತುಕೊಂಡು ಅಕ್ಕಿಯ ಡಬ್ಬಿಯೊಳಗೆ ಹೂತಿಟ್ಟಳು. ಪಕ್ಕದ ಮನೆಯವರು ಕೆಂಡ ಕೊಡುತ್ತೇವೆ ಅಂದರು. ಅವ್ವ ಬೇಡವೆಂದಳು. ಅವಳು ಒಂದು ದಾರಿ ಹುಡುಕಿದ್ದಳು. ಲಕ್ಷ್ಮಮ್ಮನ ಒಲೆಯಲ್ಲಿ ಉರಿಯುತ್ತಿರುವುದು ನಮ್ಮ ಬೆಂಕಿಯೇ ಅಲ್ಲವೇ? ಅಜ್ಜಿ ದಿನಾ ಎತ್ತಿಕೊಟ್ಟದ್ದಲ್ಲವೇ? ಸಿರುಗುಪ್ಪಕ್ಕೆ ವಾಪಸು ಹೋಗಿ ಒಂದು ಕೆಂಡ ತಂದರೆ ಆಯಿತು.

“ಹತ್ತಿ ಹೇರಾಕ ಬಂದಾವ ಕೆಂಡ ಹೇರಾಕ ಹೋಗ್ಲೇನು?” ಅಂದ ಅಪ್ಪ. “ಎತ್ತು ಸುಸ್ತಾಗ್ಯಾವ. ನೋಡೋಣಂತ.”

“ನೋಡೋಣಂತ ಅನಬ್ಯಾಡ್ರಿ! ಅತ್ತಿ ಬರೋದ್ರಾಗ ಒಲಿ ಉರಿಬೇಕು. ಅಲ್ಲಿತನ ಈ ಒಲಿ ಹತ್ತಂಗಿಲ್ಲ.”

ಹೀಗೆ ನಮ್ಮ ಬಳ್ಳಾರಿಯ ಸಂಸಾರ ತಣ್ಣಗಿನ ಒಲೆಯಿಂದ ಶುರುವಾಯಿತು. ಅವ್ವನ ಸಂಕಟ ಅವ್ವನಿಗೆ. ನನಗೂ ನೀಲಿಗೂ ಮಾತ್ರ ಅದು ಹಬ್ಬ. ಏಕೆಂದರೆ ಓಣಿಯ ತಿರುವಿನಲ್ಲಿ ಮಲ್ಲಣ್ಣನ ಒಗ್ಗಾಣಿ ಅಂಗಡಿ ಇತ್ತು. ಬೆಳಿಗ್ಗೆ ಒಗ್ಗಾಣಿ ಮಿರ್ಚಿ, ಮಧ್ಯಾಹ್ನ ಒಗ್ಗಾಣಿ ಮಿರ್ಚಿ, ಸಂಜೆ ಬದಲಾವಣೆ ಇರಲಿ ಎಂದು ಮಿರ್ಚಿ ಒಗ್ಗಾಣಿ. ಮಂಡಕ್ಕಿಯನ್ನು ನೀರಲ್ಲಿ ನೆನೆಸಿ ಹಿಂಡಿ, ಹುರಿಗಡಲೆ ಪುಡಿ ಹಾಕಿ ಅವನು ಕಲಸುವುದನ್ನು ಬಾಯಿ ತೆರೆದು ನೋಡುತ್ತಿದ್ದೆವು. ಅಂಗಡಿಯ ಬೆಂಚಿನ ಮೇಲೆ ಕೂತವರೆಲ್ಲ ಒಂದೇ ಜಗಳ ಆಡುತ್ತಿದ್ದ ದಿನಗಳವು: ಮದ್ರಾಸಿನಿಂದ ಬಿಡಿಸಿದರೆ ಬಳ್ಳಾರಿ ಯಾವ ಕಡೆಗೆ ಹೋಗುತ್ತದೆ, ಆಂಧ್ರಕ್ಕೋ ಮೈಸೂರಿಗೋ? ಒಬ್ಬ ಕನ್ನಡದಲ್ಲಿ ಬೈದರೆ ಇನ್ನೊಬ್ಬ ತೆಲುಗಿನಲ್ಲಿ ಬೈಯುತ್ತಿದ್ದ. ಮೂರನೆಯವನು ಎರಡೂ ಸೇರಿಸಿ ಬೈಯುತ್ತಿದ್ದ. ಮಲ್ಲಣ್ಣ ಮಾತ್ರ ಎಣ್ಣೆಗೆ ಮೆಣಸಿನಕಾಯಿ ಬಿಡುತ್ತ, “ಬಳ್ಳಾರಿ ಎತ್ತಗರ ಹೋಗ್ಲಿ, ನಾನಂತೂ ಮಿರ್ಚಿ ಇಲ್ಲೇ ಕರೀತೀನಿ. ಯಾರಿಗೆ ಇನ್ನೊಂದು ಪ್ಲೇಟ್?” ಅನ್ನುತ್ತಿದ್ದ. ನೀಲಿ ರಾತ್ರಿ ಕೈಮುಗಿದು, ಬೆಂಕಿ ಬೇಗ ಬರದೇ ಇರಲಪ್ಪಾ ಎಂದು ದೇವರಿಗೆ ಬೇಡಿಕೊಂಡಳು. ಅವ್ವ ಮಿರ್ಚಿ ಮುಟ್ಟಲಿಲ್ಲ. ಬರೀ ಮಂಡಕ್ಕಿಗೆ ಮಜ್ಜಿಗೆ ಹಾಕಿಕೊಂಡು ತಿಂದಳು.

ಕೊನೆಗೆ ಅಪ್ಪ ಸೋತ. ಒಂದು ಬೆಳಿಗ್ಗೆ ಬಂಡಿ ಸಜ್ಜುಮಾಡಿ, ಗಡಿಗೆ ಇಟ್ಟುಕೊಂಡು, ನೊಗಕ್ಕೆ ಎತ್ತು ಹೂಡುತ್ತಿದ್ದಾಗ ವಠಾರದ ಬಾಗಿಲಲ್ಲಿ ಅಜ್ಜಿ ನಿಂತಿದ್ದಳು. ಬಗಲಲ್ಲಿ ಗಂಟು, ಮುಖದಲ್ಲಿ ಬಸ್ಸಿನ ಧೂಳು.

“ಎಷ್ಟು ಲಗೂನ ಬಂದೆಬೇ?” ಅಪ್ಪನ ಕೈಯಿಂದ ಹಗ್ಗ ಜಾರಿತು.

“ಹೆಣ್ಣು ಕೂಸು. ತಾಯಿ ಮಗು ಇಬ್ರೂ ಆರಾಮ ಅದಾರ. ಆ ಬೀಗತಿ ನನ್ನ ಒಲಿ ಮುಟ್ಟಾಕ ಬಿಡಲಿಲ್ಲ, ನಾನು ಅಲ್ಲಿ ಕುಂತು ಏನು ಮಾಡ್ಲಿ? ಎಲ್ಲಿಗಲೇ ಗಡಿಗಿ ಹಿಡಕೊಂಡು ಹೊಂಟೀ?”

ಉತ್ತರಕ್ಕೂ ಕಾಯದೆ ಅಜ್ಜಿ ಒಳಗೆ ಹೋದಳು. ನಾವೆಲ್ಲ ಹಿಂದೆ ಹೋದೆವು. ಅವಳು ಒಲೆಯ ಮುಂದೆ ಬಗ್ಗಿ, ಬೂದಿಯೂ ಇಲ್ಲದ ಒಲೆಯಲ್ಲಿ ಕೈಯಾಡಿಸಿ, ಅವ್ವನ ಮುಖ ನೋಡಿದಳು. ಅವ್ವ ಗೋಡೆಗೆ ಆತು ನಿಂತಿದ್ದಳು. ಮೋಡ ಬಂದದ್ದು, ಮಣ್ಣು ಮೆತ್ತಿದ್ದು, ಮಳೆ ಬಾರದ್ದು, ಎಲ್ಲ ಒಂದೇ ಉಸಿರಿಗೆ ಹೇಳಿ, “ನನ್ನ ಕೈಯಾಗ ಆರಿತು ಅತ್ತಿ. ನಿಮ್ಮತ್ತಿ ಕೊಟ್ಟ ಬೆಂಕಿ ನನ್ನ ಕೈಯಾಗ ಆರಿತು,” ಎಂದು ಸೆರಗು ಬಾಯಿಗೆ ಹಿಡಿದಳು.

ಅಜ್ಜಿ ಗಂಟು ಬಿಚ್ಚಿ ಎಲೆಅಡಿಕೆ ಹಾಕಿಕೊಂಡಳು. ಆಮೇಲೆ ಮೂಲೆಯಲ್ಲಿದ್ದ ಒಂದು ತೆಂಗಿನ ಚಿಪ್ಪು ತೆಗೆದುಕೊಂಡು ಹೊರಟಳು. ನಾನು ಹಿಂದೆ ಓಡಿದೆ. ನೇರ ಮಲ್ಲಣ್ಣನ ಅಂಗಡಿ. ಬಾಣಲೆಯ ಕೆಳಗೆ ಬಗ್ಗಿ ನೋಡಿ, “ಯಪ್ಪಾ, ಒಂದು ಒಳ್ಳೆ ಕೆಂಡ ಹಾಕು,” ಅಂದಳು. ಅವನು ಹಾಕಿದ. ವಾಪಸು ಬಂದು ಒಲೆಯಲ್ಲಿಟ್ಟು, ಮೇಲೆ ಹತ್ತಿಕಡ್ಡಿ ಇಟ್ಟು, ಊದಿದಳು.

“ಎದ್ದೇನು?”

ಚಟಪಟ ಎಂದಿತು.

“ಏನು ಬಾಯಿ ತಕ್ಕೊಂಡು ನಿಂತೀಯಬೇ? ಎಸರಿಡು.”

“ಇದು ಮಿರ್ಚಿ ಅಂಗಡಿ ಬೆಂಕಿ ಅತ್ತಿ!”

“ಆಗಿತ್ತು. ಈಗ ನಮ್ಮ ಒಲ್ಯಾಗ ಐತಿ. ಕುರುಗೋಡ ಬೆಂಕಿ.” ಅಜ್ಜಿ ಆರಾಮಾಗಿ ಕಾಲು ಚಾಚಿ ಕೂತಳು. “ಸಿರುಗುಪ್ಪ ಬಿಡೋ ಮುಂಚಿನ ವಾರದಾಗ ಆರಿತ್ತು. ಆ ಥಂಡಿಗೆ ನಿಲ್ಲಲಿಲ್ಲ. ನೀವೆಲ್ಲ ಏಳೋದ್ರಾಗ ಲಕ್ಷ್ಮಮ್ಮನ ಮನಿಯಿಂದ ತಂದಿದ್ದೆ. ಕುರುಗೋಡ್ನಾಗ ಕಮ್ಮಾರ ಸಾಲಿಯಿಂದ ಎಷ್ಟು ಸಲ ತಂದೀನೋ ಯಾರಿಗೆ ನೆನಪೈತಿ? ನಮ್ಮತ್ತಿನೂ ತಂದಿರಬೇಕು. ಬೆಂಕಿ ಅಂದಮ್ಯಾಲ ಆರದ ಇರ್ತೈತೇನು?”

ಅಪ್ಪ ಗೋಡೆ ಹಿಡಿದು ನಗಲು ಶುರುಮಾಡಿದ. ಊದುಗೊಳವೆಯ ಏಟು ತಿಂದ ಬೆನ್ನನ್ನು ಸವರಿಕೊಳ್ಳುತ್ತಲೇ ನಗುತ್ತಿದ್ದ. ಅವ್ವ ನಗಲಿಲ್ಲ. ಅವಳ ಮುಖ ಕೆಂಪಗಾಯಿತು.

“ಹಂಗಾದ್ರ ನನ್ನ ಮಡಿಲಾಗ ಯಾಕ ಇಟ್ರಿ? ಎರಡು ದಿನ ಅಲುಗಾಡದ ಕುಂತೆನಲ್ಲ! ಹಿಂದಕ್ಕ ತಿರುಗಿ ಮನಿ ಸೈತ ನೋಡಲಿಲ್ಲ ನಾನು!”

“ಹೌದಿಲ್ಲೋ?” ಅಂದಳು ಅಜ್ಜಿ. “ನಾನೂ ಕುರುಗೋಡ ಬಿಡೋವಾಗ ನೋಡಲಿಲ್ಲ. ಪುರಸೊತ್ತ ಸಿಗಲಿಲ್ಲ.”

ಅವ್ವ ಎರಡು ದಿನ ಅಜ್ಜಿಯ ಜೊತೆ ಮಾತು ಬಿಟ್ಟಳು. ಏನಿದ್ದರೂ ನನ್ನ ಮೂಲಕ. “ಈರ್ಯಾ, ನಿಮ್ಮಜ್ಜಿಗೆ ಉಣ್ಣಾಕ ಕರಿ.” ಅಜ್ಜಿ ಎದುರಿಗೇ ಕೂತು, “ಈರ್ಯಾ, ನಿಮ್ಮವ್ವಗ ಹೇಳು, ರೊಟ್ಟಿ ಚಲೋ ಆಗ್ಯಾವ,” ಅನ್ನುತ್ತಿದ್ದಳು. ಮೂರನೆಯ ದಿನ ಅವ್ವ ರೊಟ್ಟಿ ತಟ್ಟುತ್ತ ತಟ್ಟುತ್ತ ಇದ್ದಕ್ಕಿದ್ದಂತೆ ನಗತೊಡಗಿದಳು. ಹಿಟ್ಟಿನ ಕೈಯಿಂದಲೇ ಕಣ್ಣೊರೆಸಿಕೊಂಡು ಮುಖವೆಲ್ಲ ಬೆಳ್ಳಗೆ ಮಾಡಿಕೊಂಡಳು. “ಎರೆಮಣ್ಣು ಮೆತ್ತಿದೆನಲ್ಲತ್ತಿ, ಆ ಗಡಿಗಿಗೆ!” ಎಂದು ಹೇಳಿ ಹೇಳಿ ನಕ್ಕಳು. ಅವತ್ತೇ ಅಕ್ಕಿಯ ಡಬ್ಬಿಯಿಂದ ಕಡ್ಡಿಪೆಟ್ಟಿಗೆ ತೆಗೆದು ಒಲೆಯ ಮೇಲಿನ ಗೂಡಿನಲ್ಲಿಟ್ಟಳು. ಆದರೆ ಸಂಜೆ ಬೆಂಕಿ ಮಲಗಿಸುವುದನ್ನು ಇಬ್ಬರೂ ಬಿಡಲಿಲ್ಲ. ಅವ್ವ ಸಂಡಿಗೆಯನ್ನು ಒಳಗೆ ಹೊರಗೆ ತಿರುಗಿಸುವುದನ್ನೂ ಬಿಡಲಿಲ್ಲ, ಅದನ್ನೂ ಹೇಳಬೇಕು.

ಆ ಮಳೆಗಾಲ ಮುಗಿಯುವ ಹೊತ್ತಿಗೆ ನನ್ನನ್ನು ಶಾಲೆಗೆ ಸೇರಿಸುವ ಮಾತು ಬಂತು. ಕುರುಗೋಡಿನಲ್ಲಿ ಕೂಲಿಮಠದ ಐಗಳ ಮುಂದೆ ಮರಳಿನಲ್ಲಿ ನಾಲ್ಕು ಅಕ್ಷರ ತಿದ್ದಿದ್ದೆ. ಸಿರುಗುಪ್ಪದಲ್ಲಿ ಕಾಲುವೆಯಲ್ಲಿ ಈಜಿದ್ದೆ. ಈಗ ನನ್ನ ವಯಸ್ಸಿನವರು ದೊಡ್ಡ ತರಗತಿಯಲ್ಲಿದ್ದರು. ನಾನು ಒಂದನೆಯ ತರಗತಿಯಲ್ಲಿ, ಮೂಗು ಸುರಿಸುವ ಮಕ್ಕಳ ಜೊತೆ ಕೂರಬೇಕು. ಹೋಗುವುದಿಲ್ಲ ಎಂದು ಕಂಬ ಹಿಡಿದು ನಿಂತೆ. ಎಲ್ಲಿ ಕೂರಿಸುತ್ತಾರೆ? ಏನು ಕೇಳುತ್ತಾರೆ? ಬಾರದಿದ್ದರೆ ಹೊಡೆಯುತ್ತಾರಾ? ನಾನು ಕೇಳಿದ್ದೆಲ್ಲ ಅವ್ವನ ಪ್ರಶ್ನೆಗಳೇ. ಅಪ್ಪ ಬಾಯಿ ತೆರೆಯುವುದರೊಳಗೆ ಅವ್ವ ಒಳಗೆ ಹೋಗಿ ಒಂದು ಅಗಲ ಬಾಯಿಯ ಚೊಂಬಿನ ತುಂಬ, ಅಂಚಿನವರೆಗೆ, ಮಜ್ಜಿಗೆ ತಂದು ನನ್ನ ಕೈಗಿಟ್ಟಳು.

“ಮಾಸ್ತರಿಗೆ ಕೊಡಬೇಕು. ಪಾಪ, ಬಿಸಿಲಾಗ ಒದರಿ ಒದರಿ ಗಂಟಲು ಒಣಗಿರ್ತೈತಿ. ಒಂದು ಹನಿ ಚೆಲ್ಲಬ್ಯಾಡ ನೋಡು.”

ನಾನು ಹೊರಟೆ. ಕಣ್ಣೆಲ್ಲ ಮಜ್ಜಿಗೆಯ ಅಂಚಿನ ಮೇಲೆ. ಓಣಿ ದಾಟಿದ್ದು ಗೊತ್ತಾಗಲಿಲ್ಲ, ಮಲ್ಲಣ್ಣ ಕೂಗಿದ್ದಕ್ಕೆ ತಿರುಗಲಿಲ್ಲ. ನಾಯಿಯೊಂದು ಅಡ್ಡ ಬಂದಾಗ ಉಸಿರು ಹಿಡಿದು ನಿಂತು ಮತ್ತೆ ನಡೆದೆ. ಯಾರೋ ಬಾಗಿಲು ತೋರಿಸಿದರು, ಹೊಸ್ತಿಲು ದಾಟಿದೆ. ತಲೆ ಎತ್ತಿದಾಗ ಒಂದನೆಯ ತರಗತಿಯ ನಟ್ಟನಡುವೆ ನಿಂತಿದ್ದೆ. ಅಷ್ಟು ದೊಡ್ಡವನನ್ನು ನೋಡಿ ಮಕ್ಕಳೆಲ್ಲ ಎದ್ದು ನಿಂತು ಕೈಮುಗಿದರು. ಒಬ್ಬ ಪುಟ್ಟ ಹುಡುಗ ಮಾತ್ರ, “ಲೇ, ಮಾಸ್ತರ ಅಲ್ಲಲೇ, ಮಜ್ಜಿಗಿ ಮಾರೋನು!” ಅಂದ. ಎಲ್ಲರೂ ನಕ್ಕರು. ನಗು ತಡೆಯಲಾಗದೆ ನಾನೂ ನಕ್ಕೆ. ಮಾಸ್ತರು ಮಜ್ಜಿಗೆ ಕುಡಿದು, ಮೀಸೆ ಒರೆಸಿಕೊಂಡು, ಆ ಪುಟ್ಟ ಹುಡುಗನ ಬಗಲಿಗೇ ನನ್ನನ್ನು ಕೂರಿಸಿದರು.

ಸಂಜೆ ಖಾಲಿ ಚೊಂಬು ಆಡಿಸುತ್ತ ಮನೆಗೆ ಬಂದೆ. ಅವ್ವ ಬೆಂಕಿ ಮಲಗಿಸುತ್ತಿದ್ದಳು. ಅಜ್ಜಿ ಪಕ್ಕದಲ್ಲಿ ಕೂತು ಎಲೆಗೆ ಸುಣ್ಣ ಸವರುತ್ತಿದ್ದಳು. ಅವ್ವ ತಿರುಗದೆಯೇ ಕೇಳಿದಳು:

“ಚೆಲ್ಲಿದೇನು?”

“ಬಾಗಲದಾಗ ಒಂಚೂರು ಚೆಲ್ತು.”

ಅವ್ವ ಅಜ್ಜಿಯ ಮುಖ ನೋಡಿದಳು. ಅಜ್ಜಿ ಎಲೆ ಮಡಿಚಿ ಬಾಯಿಗಿಟ್ಟುಕೊಂಡಳು.

“ಚೆಲ್ಲಲಿ ಬಿಡು,” ಅಂದಳು ಅವ್ವ. “ನಾಳಿಗೆ ಚೊಂಬು ಬ್ಯಾಡಲ್ಲ?”

ಬೇಡ ಅಂದೆ.